ಒಂದೂ ಕರೆ ಬಾರದ ಓಣಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನಗೂ ಭಾವನಿಗೂ ನಮಸ್ಕಾರ. ಕೈಯಲ್ಲಿ ಫೋನಿದ್ದೂ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀನು ಹತ್ತು ಆಡುತ್ತೀಯ, ಭಾವ ಸ್ಪೀಕರ್ ಹಾಕಿಸಿ ಹನ್ನೊಂದನೆಯದನ್ನು ಸೇರಿಸುತ್ತಾರೆ. ಕಾಗದವಾದರೆ ನನ್ನ ಮಾತು ಮುಗಿಯುವವರೆಗೆ ನೀವಿಬ್ಬರೂ ಬಾಯಿ ಮುಚ್ಚಿಕೊಂಡು ಕೂರಲೇಬೇಕು. ಮಗಳು ಪಿಟೀಲು ಚೆನ್ನಾಗಿದ್ದಾಳೆ. ನೀನಿಟ್ಟ ಅಡ್ಡಹೆಸರಿಗೆ ತಕ್ಕ ಹಾಗೆ ಎದ್ದಾಗಿನಿಂದ ಮಲಗುವವರೆಗೆ ಕುಯ್ಯುತ್ತಲೇ ಇರುತ್ತಾಳೆ. ಈ ವಾರ ಸ್ವಲ್ಪ ನೆಗಡಿಯಾಗಿತ್ತು, ಈಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮನೆಯ ಮಹಡಿ ಕೋಣೆಗೆ ನಾವು ಬರುವುದಿಲ್ಲ. ಮುಖ ಊದಿಸಿಕೊಳ್ಳಬೇಡ, ಪೂರ್ತಿ ಓದು. ಪಿಟೀಲಿಗೆ ಜ್ವರದಲ್ಲಿ ಇನ್ನೊಂದು ಸಲ ಸೆಳೆತ ಬಂದರೆ ನಿನ್ನನ್ನು ಕೇಳುವುದೂ ಇಲ್ಲ, ಬಸ್ಸು ಹತ್ತಿ ಬಂದು ತಾಯಿ ಮಗಳಿಬ್ಬರನ್ನೂ ಹೊತ್ತುಕೊಂಡು ಹೋಗುತ್ತೇನೆ ಎಂದಿದ್ದೆಯಲ್ಲ, ಆ ಮಾತು ನನಗೆ ನೆನಪಿದೆ. ಆದರೆ ಇವರು ಆಂಬುಲೆನ್ಸ್ ಕೆಲಸ ಬಿಟ್ಟು ನಿಮ್ಮ ಮಹಡಿಯಲ್ಲಿ ಕೂತು ಏನು ಮಾಡುತ್ತಾರೆ? ಭಾವನ ಜೊತೆ ಪೇಪರು ಓದುತ್ತಾ ಆರು ತಿಂಗಳಲ್ಲಿ ಮೆತ್ತಗಾಗಿಬಿಡುತ್ತಾರೆ. ಅದನ್ನು ನನ್ನ ಕೈಯಲ್ಲಿ ನೋಡಲಾಗುವುದಿಲ್ಲ.

ಈಗಿನ ಮನೆಯಂತೂ ಬಿಡಲೇಬೇಕು. ಓನರ್ ಮಗನಿಗೆ ಮದುವೆ ಗೊತ್ತಾಗಿದೆ, ತಿಂಗಳ ಕೊನೆಯೊಳಗೆ ಖಾಲಿ ಮಾಡಿ ಎಂದಿದ್ದಾರೆ. ಒಳ್ಳೆಯವರೇ ಪಾಪ, ಹೇಳುವಾಗ ನಮ್ಮ ಮುಖ ನೋಡದೆ ಗೋಡೆ ನೋಡುತ್ತಾ ಹೇಳಿದರು. ಅಂದಿನಿಂದ ನನ್ನ ಕಾಲು ಒಂದು ಕಡೆ ನಿಂತಿಲ್ಲ. ಯೂನಿಫಾರಂ ಹೊಲಿಯುವ ನಮ್ಮ ಅಂಗಡಿಯಲ್ಲಿ ಕೆಲಸ ಮುಗಿಯುತ್ತಲೇ ಒಂದೊಂದು ದಿನ ಒಂದೊಂದು ಬಡಾವಣೆ. ಚಪ್ಪಲಿ ಸವೆಯಿತು, ತಲೆ ಕೆಟ್ಟಿತು. ಹೋದ ವಾರ ಒಂದು ಕಟ್ಟು ಹುಡುಗರ ಅಂಗಿಗೆ ಹುಡುಗಿಯರ ಕಡೆ ಗುಂಡಿಯ ಕಾಜಾ ಹಾಕಿಬಿಟ್ಟೆ. ಕಟಿಂಗ್ ಮಾಸ್ಟರ್ ಬೈಯಲಿಲ್ಲ, ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಬೈದಿದ್ದರೇ ವಾಸಿಯಿತ್ತು.

ಮನೆ ಸಿಗುತ್ತಿರಲಿಲ್ಲ ಎಂದಲ್ಲ. ಸಿಕ್ಕಿದ್ದಕ್ಕೆಲ್ಲ ಇವರು ಬೇಡ ಎನ್ನುತ್ತಿದ್ದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಆಂಬುಲೆನ್ಸ್ ಓಡಿಸುವವನ ಜೊತೆ ಬಾಡಿಗೆ ಮನೆ ಹುಡುಕಿರಲಿಲ್ಲ ಕಣೇ. ಪಾರ್ಕಿನ ಎದುರಿಗೆ, ಶಾಲೆಯ ಪಕ್ಕ ಒಂದು ಚಂದದ ಮನೆ ನೋಡಿದೆ, ಮೂರನೇ ಮಹಡಿ. ಆ ಬೀದಿಯ ಹೆಸರು ಕೇಳುತ್ತಲೇ ಇವರ ಮುಖ ಬಿಗಿಯಿತು. ಅಲ್ಲಿ ಬಾಲ್ಕನಿ ಕಂಬಿ ತೀರಾ ಗಿಡ್ಡ ಎಂದಷ್ಟೇ ಹೇಳಿ ಎದ್ದು ಹೋದರು. ಕೆರೆಯ ಕಡೆ ಬಾಡಿಗೆ ಕಡಿಮೆ, ಗಾಳಿ ಬೆಳಕು ಧಾರಾಳ. ಅಲ್ಲಿಗೂ ಒಂದು ಮಧ್ಯಾಹ್ನ ಇವರು ಹೋಗಿದ್ದರಂತೆ. ಯಾಕೆ ಹೋಗಿದ್ದರು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾರ್ಕೆಟ್ ಹಿಂದಿನ ಮನೆಗೆ ಅಲ್ಲೊಮ್ಮೆ ಸಿಡಿದ ಸಿಲಿಂಡರ್ ಕಾರಣ. ರೈಲ್ವೆ ಗೇಟಿನ ಹತ್ತಿರದ್ದಕ್ಕೆ ಕಾರಣವೇ ಬೇಡವಾಯಿತು. ನಾವೆಲ್ಲ ಊರನ್ನು ಅಂಗಡಿ, ಸ್ಕೂಲು, ಬಸ್ ಸ್ಟಾಪು ಎಂದು ಗುರುತಿಟ್ಟುಕೊಳ್ಳುತ್ತೇವೆ. ಇವರಿಗೆ ಒಂದೊಂದು ತಿರುವಿನಲ್ಲೂ ಒಬ್ಬೊಬ್ಬರು ಬಿದ್ದಿದ್ದಾರೆ.

ಅದರಲ್ಲೂ ದೊಡ್ಡ ರಸ್ತೆಯ ಔಷಧಿ ಅಂಗಡಿಯ ಮೂಲೆಯೆಂದರೆ ಇವರಿಗೆ ಆಗದು. ಇಡೀ ಊರಿನಲ್ಲಿ ಅಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ, ತಿಂಗಳಿಗೆ ಎಷ್ಟು ಸಲ ಅಲ್ಲಿಂದಲೇ ಕರೆ, ಹೋದರೆ ನೋಡುವುದಕ್ಕೆ ಜನವೋ ಜನ, ಸ್ಟ್ರೆಚರ್ ಇಳಿಸುವುದಕ್ಕೂ ಜಾಗ ಬಿಡುವುದಿಲ್ಲ ಎಂದು ಸಿಡುಕುತ್ತಿದ್ದರು. ಮೊನ್ನೆ ಮೊನ್ನೆಯವರೆಗೂ ಸ್ಕೂಟರಿನಲ್ಲಿ ಹೋಗುವಾಗ ಆ ಮೂಲೆ ಬಂದರೆ ವೇಗ ಹೆಚ್ಚಿಸುತ್ತಿದ್ದರು.

ಒಂದು ದಿನ ನನಗೂ ರೇಗಿತು. ಎತ್ತು ಏರಿಗೆ, ಕೋಣ ನೀರಿಗೆ ಎಳೆದರೆ ಬಂಡಿ ಎಲ್ಲಿಗೆ ಹೋಗುತ್ತದೆ? ಯಾರಿಗೂ ಏನೂ ಆಗದ ಬೀದಿ ಇದ್ದರೆ ನೀವೇ ಹುಡುಕಿಕೊಂಡು ಬನ್ನಿ, ನಾನು ಕಣ್ಣು ಮುಚ್ಚಿಕೊಂಡು ಬರುತ್ತೇನೆ ಎಂದುಬಿಟ್ಟೆ. ನಾನು ಹೇಳಿದ್ದು ಸಿಟ್ಟಿಗೆ. ಇವರು ಅದನ್ನು ನಿಜವೆಂದೇ ಹಿಡಿದರು. ಜೊತೆಯ ಡ್ರೈವರುಗಳನ್ನೆಲ್ಲ ವಿಚಾರಿಸಿ, ಯಾರು ಯಾವ ಬೀದಿಗೆ ಹೋಗಿಲ್ಲ ಎಂದು ಕೆದಕಿ, ನಾಲ್ಕು ದಿನದ ಮೇಲೆ ಮದುವೆಗೆ ಮೊದಲು ನನ್ನನ್ನು ನೋಡಲು ಬಂದ ಹುಡುಗನ ಮುಖ ಹೊತ್ತುಕೊಂಡು ಬಂದರು. ಆ ಔಷಧಿ ಅಂಗಡಿಯ ಹಿಂದೆಲ್ಲೋ ಒಂದು ಓಣಿಯಿದೆಯಂತೆ. ಇವರು ಗಾಡಿ ಹಿಡಿದಾಗಿನಿಂದ ಅಲ್ಲಿಂದ ಒಂದೂ ಕರೆ ಬಂದಿಲ್ಲ. ಬೇರೆ ಯಾರಿಗೂ ಬಂದಿಲ್ಲ. ದೊಡ್ಡ ರಸ್ತೆ ಹಾಳಾದರೇನು, ಓಣಿ ಬೇರೆ, ರಸ್ತೆ ಬೇರೆ ಎಂದು ನನಗೇ ಪಾಠ ಹೇಳಿದರು.

ಹೋಗಿ ನೋಡಿದೆವು. ರಸ್ತೆಯಿಂದ ಕಲ್ಲಿನ ಮೆಟ್ಟಿಲು ಇಳಿಯಬೇಕು, ಸುಮಾರು ಮೆಟ್ಟಿಲು. ಆಮೇಲೆ ಇಬ್ಬರು ಎದುರು ಬದುರಾದರೆ ಒಬ್ಬರು ಪಕ್ಕಕ್ಕೆ ತಿರುಗಬೇಕಾದ ಓಣಿ. ಸ್ಕೂಟರ್ ಮೇಲೆಯೇ ಬಿಟ್ಟೆವು. ಇಳಿದರೆ ಹಾರನ್ನಿಲ್ಲ, ಹೊಗೆಯಿಲ್ಲ. ಒಂದು ಇಸ್ತ್ರಿ ಅಂಗಡಿ, ಬಾಗಿಲ ಮುಂದೆಯೇ ಕಿಟಕಿ ಚೌಕಟ್ಟಿಗೆ ರಂದಾ ಹೊಡೆಯುತ್ತಿದ್ದ ಬಡಗಿ, ದಾರಿಯ ನಡುವೆ ಕೂತು ಆಡುತ್ತಿದ್ದ ಮಕ್ಕಳು. ಲಾರಿಯಿಲ್ಲ, ಕಾರಿಲ್ಲ, ಮಗು ಓಡಿಕೊಂಡಿರಬಹುದು ಎಂದು ಇವರು ಮೂರು ಸಲ ಹೇಳಿದರು. ಮನೆ ನೆಲದಂತಸ್ತು, ಎರಡು ಕೋಣೆ, ಅಡುಗೆಮನೆಯಲ್ಲಿ ನಲ್ಲಿ, ಬಾಡಿಗೆ ನಮ್ಮ ಕೈಗೆಟುಕುವಂಥದ್ದು. ಓನರ್ ಪಕ್ಕದ ಮನೆಯಲ್ಲೇ ಇರುವ ಒಬ್ಬರು ಅಜ್ಜಿ. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದಾರೆ. ಅವರು ನಮ್ಮನ್ನು ಪ್ರಶ್ನೆ ಕೇಳುವ ಮೊದಲೇ ಇವರು ಮುಂಗಡದ ಮಾತೆತ್ತಿದರು. ಯಾವ ಗೇಟು ಕಂಡರೂ ಗಾಡಿ ತಿರುಗುತ್ತದೋ ಇಲ್ಲವೋ ಎಂದು ಕಣ್ಣಲ್ಲೇ ಅಳೆಯುವ ಮನುಷ್ಯ ಅಂದು ಏನನ್ನೂ ಅಳೆಯಲಿಲ್ಲ. ಅಂದು ರಾತ್ರಿ ಗೊರಕೆ ಹೊಡೆದು ಮಲಗಿದರು. ಎಷ್ಟೋ ತಿಂಗಳಾಗಿತ್ತು ಅಕ್ಕಾ, ಇವರ ಗೊರಕೆ ಕೇಳಿ.

ಬುಧವಾರ ಪರದೆಗೆ ಅಳತೆ ತೆಗೆದುಕೊಳ್ಳಲು ನಾನೊಬ್ಬಳೇ ಹೋದೆ. ಆಗ ಅಜ್ಜಿ ಒಂದು ಮಾತು ಹೇಳಿದರು.

"ಇಲ್ಲಿಗೆ ಆಂಬುಲೆನ್ಸ್ ಇಳಿಯಲ್ಲಮ್ಮ. ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ನಾವೇ ಎತ್ಕೊಂಡು ಮೇಲೆ ಹೋಗಿ ಔಷಧಿ ಅಂಗಡಿ ಮುಂದೆ ನಿಂತ್ಕೊಳ್ತೀವಿ. ಫೋನ್ ಮಾಡೋವಾಗ್ಲೂ ಆ ಅಂಗಡೀದೇ ಗುರುತು ಹೇಳೋದು."

ಒಂದೂ ಕರೆ ಬಾರದ ಓಣಿ ಅದಲ್ಲ. ಊರಿನ ಅತಿ ಕೆಟ್ಟ ಮೂಲೆ ಎಂದು ಇವರು ಶಪಿಸುತ್ತಿದ್ದ ಜಾಗದ ಅಷ್ಟೂ ಕರೆ ಈ ಓಣಿಯದೇ. ಮೆಟ್ಟಿಲ ಕೆಳಗೆ ಕಾಯಿಲೆ ಬಿದ್ದವರೆಲ್ಲ ಮೆಟ್ಟಿಲ ಮೇಲೆ ಇವರ ಗಾಡಿ ಹತ್ತಿದ್ದಾರೆ.

ಅದೇ ಸಂಜೆ ಇವರಿಗೂ ಗೊತ್ತಾಯಿತು. ಹೇಗೆ ಎಂದು ಕೇಳಬೇಡ. ಸಿಟ್ಟು ಮಾಡಿಕೊಳ್ಳುತ್ತಾರೆ, ಮುಂಗಡ ವಾಪಸ್ ತರುತ್ತಾರೆ, ಮತ್ತೆ ಮೊದಲಿನಿಂದ ಬೀದಿ ಸುತ್ತುವುದು ನನ್ನ ಹಣೆಬರಹ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಮರುದಿನ ಸಂಜೆ ಶೂ ಬಿಚ್ಚುತ್ತಾ, ನನ್ನ ಕಡೆ ನೋಡದೆ ಹೇಳಿದರು:

"ಸುಮ್ನೆ ನೋಡೋಕೆ ಬಂದಿರೋ ಜನ ಅಂದ್ಕೊಂಡಿದ್ದೆ ಕಣೇ. ಹೋದಾಗೆಲ್ಲ ಗದರ್ತಿದ್ದೆ. ಎತ್ಕೊಂಡು ಬಂದಿರೋರೇ ಅವ್ರು ಅಂತ ಒಂದ್ಸಲನೂ ಹೊಳೀಲಿಲ್ಲ."

ಆಮೇಲೆ ತುಂಬ ಹೊತ್ತು ಮಾತಾಡಿದರು, ಮದುವೆಯಾದ ಮೇಲೆ ಅಷ್ಟು ಮಾತಾಡಿದ್ದು ನಾನು ಕಂಡಿಲ್ಲ. ಲಿಫ್ಟು, ಗೇಟು, ಕಾವಲುಗಾರ ಇರುವ ದೊಡ್ಡ ಕಟ್ಟಡಗಳಿಗೆ ಹೋದಾಗ ಒಂದು ಬಾಗಿಲು ತೆರೆದಿರುತ್ತದಂತೆ, ಉಳಿದವೆಲ್ಲ ಮುಚ್ಚಿರುತ್ತವಂತೆ. ಸ್ಟ್ರೆಚರಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕೆಂದು ಬೆಲ್ ಒತ್ತುತ್ತಾ ಹೋಗಬೇಕಂತೆ. ಔಷಧಿ ಅಂಗಡಿಯ ಮೂಲೆಯಲ್ಲಿ ಮಾತ್ರ ಯಾವತ್ತೂ ಕೈಗಳಿಗೆ ಕೊರತೆಯಾಗಿಲ್ಲ. ಬೇಡವೆಂದು ಇವರೇ ತಳ್ಳುತ್ತಿದ್ದ ಕೈಗಳು.

ಈಗ ತಮಾಷೆ ನೋಡು. ಇವರಿಗೆ ಧೈರ್ಯ ಬಂದಿದೆ, ಭಯ ನನಗೆ ಅಂಟಿಕೊಂಡಿದೆ. ಹಗಲು ಎಲ್ಲರೂ ಕೆಲಸಕ್ಕೆ ಹೋಗಿರುವಾಗ ಏನಾದರೂ ಆದರೆ? ಮೆಟ್ಟಿಲು ಒದ್ದೆಯಾಗಿ ಜಾರಿದರೆ? ಅಜ್ಜಿ ಎಷ್ಟು ದಿನ ಗಟ್ಟಿಯಾಗಿರುತ್ತಾರೆ? ಪಾತ್ರೆ ಗಂಟು ಕಟ್ಟುತ್ತೇನೆ, ಬಿಚ್ಚುತ್ತೇನೆ, ಮತ್ತೆ ಕಟ್ಟುತ್ತೇನೆ. ಇವರು ನಗುತ್ತಾರೆ. ಗಾಡಿ ಬಾಗಿಲಿಗೆ ಬರುವ ಮನೆ ಇನ್ನೊಂದಿದೆ, ಬಾಡಿಗೆ ಸ್ವಲ್ಪ ಹೆಚ್ಚು, ಹೇಗೋ ಹೊಂದಿಸಬಹುದು ಎಂದು ನಿನ್ನೆ ಕೂಡ ಹೇಳಿದೆ. ಹೇಳುವಾಗಲೇ ಆ ಮನೆ ನನಗೆ ಬೇಡವೆಂದು ಗೊತ್ತಿತ್ತು. ಬೇಡವೆಂದು ಗೊತ್ತಿದ್ದೂ ಯಾಕೆ ಹೇಳಿದೆ ಎಂದರೆ ನನಗೆ ಭಯ ಅಕ್ಕಾ, ಅಷ್ಟೇ. ನನ್ನ ಮಗು ಬದುಕಿರಬೇಕು. ಅದೊಂದನ್ನು ಬಿಟ್ಟು ನನಗೆ ಯಾವ ಬಡಾವಣೆಯೂ ಬೇಡ, ಯಾವ ಬೀದಿಯೂ ಬೇಡ.

ಬರುವ ಭಾನುವಾರ ಸಾಮಾನು ಸಾಗಿಸುತ್ತೇವೆ. ಬೀರು ಆ ಮೆಟ್ಟಿಲು ಹೇಗೆ ಇಳಿಯುತ್ತದೋ ದೇವರಿಗೇ ಗೊತ್ತು. ನೀವಿಬ್ಬರೂ ಒಂದು ವಾರ ಬಿಟ್ಟು ಬನ್ನಿ. ಭಾವನಿಗೆ ಮಂಡಿನೋವಿದೆ, ಇಳಿಯುವಾಗ ಗೊಣಗುತ್ತಾರೆ, ಗೊಣಗಲಿ. ಮಹಡಿ ಕೋಣೆಗೆ ಯಾರನ್ನಾದರೂ ಬಾಡಿಗೆಗಿಟ್ಟುಕೋ, ಸುಮ್ಮನೆ ನಮಗಾಗಿ ಗುಡಿಸಿ ಒರೆಸಿ ಇಡಬೇಡ.

ಇಂತಿ ನಿನ್ನ,
ಹಟಮಾರಿ ತಂಗಿ

ತಾ.ಕ.: ಲಕೋಟೆಗೆ ಹಾಕಿದ್ದ ಕಾಗದವನ್ನು ಮತ್ತೆ ತೆಗೆದೆ. ನಿನಗೆ ಸುಳ್ಳು ಹೇಳಿದರೆ ನನಗೆ ದಕ್ಕುವುದಿಲ್ಲ. ಪಿಟೀಲು ಈಗ ನಿಜವಾಗಿಯೂ ಚೆನ್ನಾಗಿದ್ದಾಳೆ, ಡಾಕ್ಟರೂ ಹಾಗೇ ಹೇಳಿದ್ದಾರೆ, ಬಸ್ಸು ಹತ್ತಬೇಡ. ಆದರೆ ಬುಧವಾರ ನಾನೊಬ್ಬಳೇ ಹೋಗಿರಲಿಲ್ಲ. ಅವಳು ನನ್ನ ಕಂಕುಳಲ್ಲಿದ್ದಳು. ಮೈ ಬೆಚ್ಚಗಿತ್ತು, ನೆಗಡಿಗೆ ಇರಬೇಕು ಎಂದುಕೊಂಡೆ. ಕಿಟಕಿಗೆ ಟೇಪು ಹಿಡಿದಿದ್ದಾಗ ಆ ಖಾಲಿ ಮನೆಯ ನೆಲದ ಮೇಲೆ ಅವಳಿಗೆ ಸೆಳೆತ ಬಂತು. ಅಜ್ಜಿ ಬಂದು ಮಗ್ಗುಲಿಗೆ ತಿರುಗಿಸಿ ಹೊದಿಕೆ ಸುತ್ತಿದರು. ಗಾಡಿ ಇಲ್ಲಿಗೆ ಇಳಿಯುವುದಿಲ್ಲ ಎಂದು ಅವರು ಹೇಳಿದ್ದು ಆಗ, ನಾನು ಆಂಬುಲೆನ್ಸ್ ಎಂದು ಅರಚಿದ್ದಕ್ಕೆ. ಬಡಗಿ ಮಗುವನ್ನು ಎತ್ತಿಕೊಂಡ. ಯಾರೋ ಫೋನ್ ಮಾಡುತ್ತಾ ಮುಂದೆ ಓಡಿದರು, ಯಾರೋ ನನ್ನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದರು. ಬಂದು ನಿಂತ ಗಾಡಿ ಇವರದೇ. ಇಳಿದವರೇ ಯಾರ ಮುಖವನ್ನೂ ನೋಡದೆ "ದೂರ ಸರೀರಿ" ಎಂದು ಗದರಿದರು. ಎಲ್ಲರೂ ಸರಿದರು. ನಾನೂ ಸರಿದೆ. ಹಿಂದಿನ ಬಾಗಿಲು ತೆರೆಯುತ್ತಾ, ಜೊತೆಗೆ ಯಾರು ಬರುತ್ತೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, ಬಡಗಿ, ಇಸ್ತ್ರಿಯವನ ಹೆಂಡತಿ, ಮೂವರೂ "ನಾನು" ಎಂದರು. ಆಗ ಇವರು ತಲೆ ಎತ್ತಿದರು. ನಮ್ಮ ಮಗುವಿನ ಹೆಸರು ಕೂಡ ಆ ಮೂವರಿಗೆ ಗೊತ್ತಿರಲಿಲ್ಲ ಅಕ್ಕಾ. ನಾವಿನ್ನೂ ಆ ಓಣಿಗೆ ಬಂದೇ ಇರಲಿಲ್ಲ.