ಜಾಣಕಿವುಡು ಯಾರದು?

ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ಮಾತು ಕೇಳುವುದಿಲ್ಲ ಎಂಬ ಕಾರಣಕ್ಕೆ ತಾವು ನನ್ನ ಮಗಳನ್ನು ಮನೆಗೆ ಕಳಿಸಿದ್ದೀರಿ. ಕಿವಿಮುಚ್ಚುಗೆ ತೆಗೆದಿಡುವವರೆಗೆ ತರಗತಿಗೆ ಬರಕೂಡದು ಎಂಬುದು ತಮ್ಮ ಆದೇಶ. ಕಚೇರಿಗೆ ಬಂದರೆ ತಾವು ಮೀಟಿಂಗಿನಲ್ಲಿರುತ್ತೀರಿ. ಫೋನ್ ಮಾಡಿದರೆ ತಮ್ಮ ಗುಮಾಸ್ತರು "ಸಾಹೇಬ್ರ ಕಿವಿಗೆ ಹಾಕ್ತೀನಿ ಬಿಡಮ್ಮ" ಅನ್ನುತ್ತಾರೆ. ಹಾಕಿದರೋ ಇಲ್ಲವೋ ತಿಳಿಯದ್ದರಿಂದ ಹೀಗೆ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ತಾವು ಬಂದ ದಿನ ನಾನೂ ಶಾಲೆಯಲ್ಲಿದ್ದೆ. ನಾನು ಬಟ್ಟೆ ಹೊಲಿಯುವವಳು, ಮಕ್ಕಳ ನಾಟಕದ ಅಂಗಿಗಳನ್ನು ಕೊಡಲು ಬಂದು ವರಾಂಡದಲ್ಲಿ ನಿಂತಿದ್ದೆ. ತಾವು ಮೂರನೇ ತರಗತಿಗೆ ಹೋದಿರಿ. ಹೆಡ್‌ಫೋನಿನಂಥ ಕಿವಿಮುಚ್ಚುಗೆ ಹಾಕಿಕೊಂಡು ಕುಳಿತಿದ್ದ ನನ್ನ ಮಗಳು ಕಣ್ಣಿಗೆ ಬಿದ್ದಳು. "ಪಾಠ ಕೇಳೋಕೆ ಬಂದೋರು ಕಿವಿ ಮುಚ್ಕೋತಾರಾ? ತೆಗಿ ಅದನ್ನ" ಎಂದಿರಿ. ಟೀಚರ್ ಏನೋ ಹೇಳಲು ಬಾಯಿ ತೆರೆದರು, ತಾವು ಕೈ ಎತ್ತಿದಿರಿ, ಅವರು ಬಾಯಿ ಮುಚ್ಚಿದರು. ಅವಳು ತೆಗೆದಳು. ಗಮನಿಸಿ, ಮಾತು ಕೇಳದ ಹುಡುಗಿ ತಮ್ಮ ಮೊದಲ ಮಾತನ್ನು ಕೇಳಿದಳು.

"ನೆರಳು ಯಾವಾಗ ಉದ್ದ ಇರುತ್ತೆ, ಹೇಳು ನೋಡೋಣ."

ಅವಳು ಫ್ಯಾನ್ ನೋಡಿದಳು. ತಾವು ಅದನ್ನೇ ಇನ್ನೂ ಜೋರಾಗಿ ಕೇಳಿದಿರಿ. ಮೊದಲ ಸಲದ ಮಾತನ್ನು ಅವಳು ಅರ್ಧ ಬಿಡಿಸಿಕೊಂಡಿದ್ದಳು, ಎರಡನೆಯದು ಬಂದು ಅದನ್ನು ಗಂಟು ಹಾಕಿತು. ಅಷ್ಟರಲ್ಲಿ ಬಾಗಿಲ ಮೇಲಿನ ಕರೆಂಟ್ ಗಂಟೆ ಹೊಡೆಯಿತು. ಅವಳು ಕಿರುಚಿ ಬೆಂಚಿನ ಕೆಳಗೆ ತೂರಿಕೊಂಡಳು. ತಾವು ನಕ್ಕು ಹೇಳಿದ್ದು ಇದು: "ಗಂಟೆ ಕೇಳಿಸುತ್ತೆ, ನಾನು ಹೇಳಿದ್ದು ಕೇಳಿಸಲ್ವಂತೆ. ಜಾಣಕಿವುಡು."

ಮಾನ್ಯರೇ, ಕಿವಿ ಡಾಕ್ಟರೂ ಅವಳ ಕಿವಿ ಚೆನ್ನಾಗಿದೆ ಎಂದೇ ಹೇಳಿದ್ದಾರೆ. ತೊಂದರೆ ಇರುವುದೇ ಅಲ್ಲಿ. ತಾವು ಮಾತಾಡುವಾಗ ನನ್ನ ಕಿವಿ ಫ್ಯಾನಿನ ಸದ್ದನ್ನು ತಾನಾಗಿಯೇ ಪಕ್ಕಕ್ಕೆ ಸರಿಸುತ್ತದೆ. ಆಟಿಸಂ ಇರುವ ನನ್ನ ಮಗಳ ಕಿವಿ ಯಾರನ್ನೂ ಸರಿಸುವುದಿಲ್ಲ. ಫ್ಯಾನು, ಎಳೆದ ಬೆಂಚು, ಪಕ್ಕದವಳ ಪೆನ್ಸಿಲು, ಸಾಹೇಬರು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಒಟ್ಟಿಗೆ ಕೂಗುತ್ತಾರೆ. ಕಿವಿಮುಚ್ಚುಗೆ ಹಾಕಿದರೆ ಗದ್ದಲ ತಗ್ಗಿ, ಹತ್ತಿರ ನಿಂತು ಆಡಿದ ಮಾತು ಮುಂದೆ ಬರುತ್ತದೆ. ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದುದು ಪಾಠ ಕೇಳುವುದಕ್ಕೇ. ನಮ್ಮ ಭಾಷೆ ಕಿವಿಗೆ ಬೀಳುವುದಕ್ಕೂ ಹೇಳಿದಂತೆ ನಡೆಯುವುದಕ್ಕೂ 'ಕೇಳು' ಎಂಬ ಒಂದೇ ಪದ ಇಟ್ಟುಕೊಂಡಿದೆ. ಆ ಜಿಪುಣತನಕ್ಕೆ ನನ್ನ ಮಗಳು ದಂಡ ತೆರಬೇಕೇ?

ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದಿಗೆ ಹೆದರದವಳು ಗಂಟೆಗೇಕೆ ಹೆದರುತ್ತಾಳೆ, ಎಲ್ಲ ನಾಟಕ ಎಂದೂ ತಾವು ಆಮೇಲೆ ಟೀಚರ್ ಬಳಿ ಅಂದಿರಂತೆ. ಯಂತ್ರದ ಪೆಡಲ್ ಮೇಲೆ ಅವಳದೇ ಕಾಲಿರುತ್ತದೆ ಸ್ವಾಮಿ. ತಮಗೆ ತಾವೇ ಕಚಗುಳಿ ಇಟ್ಟುಕೊಂಡು ಎಂದಾದರೂ ನಕ್ಕಿದ್ದೀರಾ? ಬೇರೆಯವರು ಹೇಳದೆ ಕೇಳದೆ ಪಕ್ಕೆಗೆ ಬೆರಳಿಟ್ಟರೆ ಹಾರಿಬೀಳುವುದಿಲ್ಲವೇ?

ಈಗ ಅವಳೂ ನಾನೂ ದಿನವಿಡೀ ಮನೆಯಲ್ಲೇ. ಕುಕ್ಕರ್ ಅಟ್ಟ ಸೇರಿ ವರ್ಷಗಳಾದವು. ಅವಳಪ್ಪ ಕೆಲಸ ಮುಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಸ್ವಂತ ಮನೆಗೆ ಕಳ್ಳನಂತೆ ಬರುತ್ತಾರೆ. ನನ್ನ ಅಕ್ಕ ತನ್ನ ಮಗನ ಮದುವೆಗೆ ಕರೆಯುತ್ತಾ, "ನೀನೊಬ್ಳೇ ಬಾರೇ, ಅವಳಿಗೂ ಹಿಂಸೆ, ಜನಕ್ಕೂ ಹಿಂಸೆ" ಎಂದಳು. ನಾನು ಹೋಗಲಿಲ್ಲ. ಆಮೇಲೆ ಅವಳ ಫೋನೂ ನಿಂತಿತು. ಕರೆಗಂಟೆಯ ತಂತಿಯನ್ನು ನಾವೇ ಕಿತ್ತು ಹಾಕಿದ್ದೇವೆ, ಹಾಗಾಗಿ ಯಾರಾದರೂ ಬಂದು ಒತ್ತಿ ಹೋದರೋ, ಯಾರೂ ಬರಲೇ ಇಲ್ಲವೋ, ಅದೂ ಗೊತ್ತಾಗುವುದಿಲ್ಲ. ಮೊದಲಾದರೆ ಶಾಲೆಯ ಗೇಟಿನಲ್ಲಿ ಬೇರೆ ತಾಯಂದಿರ ಜೊತೆ ನಾಲ್ಕು ಮಾತಾಡುತ್ತಿದ್ದೆ. ಅದೂ ಹೋಯಿತು. ನನಗೆ ತುಂಬಾ ಒಂಟಿ ಅನ್ನಿಸುತ್ತದೆ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನನ್ನ ಮಗಳನ್ನು ಅವಳಜ್ಜಿ 'ಆಮೇಲಮ್ಮ' ಎಂದು ಕರೆಯುತ್ತಿದ್ದರು. ಊಟಕ್ಕೆ ಮೊದಲು ಕೇಳಿದ್ದಕ್ಕೆ ಕೈ ತೊಳೆದ ಮೇಲೆ ಉತ್ತರ ಬರುತ್ತಿತ್ತು. ತಾವು ಬಂದು ಹೋದ ಆ ಸಂಜೆ ನಾನು ಅಂಗಳದ ತಂತಿಯಿಂದ ಬಟ್ಟೆ ತೆಗೆಯುತ್ತಿದ್ದೆ. ನನ್ನ ನೆರಳು ಗೇಟಿನವರೆಗೆ ಚಾಚಿತ್ತು. ಅವಳು ಅದರ ತಲೆಯ ಹತ್ತಿರ ಹೋಗಿ, ಕೈಕಟ್ಟಿ ನಿಂತು, ರಸ್ತೆಯ ಕಡೆ ತಿರುಗಿ ಹೇಳಿದಳು: "ಬೆಳಿಗ್ಗೆ ಉದ್ದ, ಸಂಜೆ ಉದ್ದ. ಮಧ್ಯಾಹ್ನ ಕಾಲ ಕೆಳಗೆ ಬಚ್ಚಿಟ್ಕೊಳುತ್ತೆ, ಸರ್."

ಆ ಹೊತ್ತಿಗೆ ತಾವು ಯಾವ ಮೀಟಿಂಗಿನಲ್ಲಿದ್ದಿರೋ.

ನಾನು ಬೇಡುತ್ತಿರುವುದು ದಯೆಯನ್ನಲ್ಲ. ಆದೇಶ ಹಿಂದಕ್ಕೆ ಪಡೆಯಿರಿ. ಕಿವಿಮುಚ್ಚುಗೆಯೊಂದಿಗೇ ಅವಳನ್ನು ತರಗತಿಗೆ ಸೇರಿಸಿ. ಬಾಗಿಲ ಮೇಲಿನ ಗಂಟೆಯನ್ನು ಅಲ್ಲಿಂದ ತೆಗೆಸಿ. ಪ್ರಶ್ನೆ ಕೇಳಿದವರು ಉತ್ತರ ಬರುವವರೆಗೆ ಕಾಯಬೇಕೆಂದು ಶಾಲೆಗಳಿಗೆ ಹೇಳಿ, ತಾವೂ ಕಾಯಿರಿ.

ಉತ್ತರವನ್ನು ಮೇಲೆ ಬರೆದಿದ್ದೇನೆ. ಸರಿಯೋ ತಪ್ಪೋ ತಿಳಿಸಿ. ಅಂದಿನಿಂದ ದಿನಾ ಸಂಜೆ, ನೆರಳು ಉದ್ದವಾದಾಗ, ಅವಳು ನನ್ನ ಸೆರಗು ಜಗ್ಗಿ ಒಂದೇ ಮಾತು ಕೇಳುತ್ತಾಳೆ: "ಅಮ್ಮಾ, ಸರ್‌ಗೆ ಕೇಳಿಸ್ತಾ?"

ಇಂತಿ,
ಮಾತು ಕೇಳದ ಮಗಳ,
ಕೇಳುವವರಿಲ್ಲದ ತಾಯಿ