ಸಿಗಡಿಗಳ ಮೇಲೆ ದಂಡಯಾತ್ರೆ

ಎಲೈ ಮನೆಮಂದಿಯೇ! ಅಕ್ಕ, ಭಾವ, ಓದುವ ನೆಪದಲ್ಲಿ ತೂಕಡಿಸುವ ಮಕ್ಕಳೇ, ಎಲ್ಲರೂ ಬಂದು ಕುಳಿತು ಕಡಲೂರಿನಿಂದ ಬಂದ ಈ ಕಾರ್ಡಿನ ಕಥೆ ಕೇಳಿರಿ! ಜ್ವರ ಬಿಟ್ಟರೂ ಊಟ ಮುಟ್ಟದಿದ್ದ ಅಮ್ಮ, ಕಡಲು ಕಂಡೊಡನೆ "ತಾಜಾ ಸಿಗಡಿ ತಂದ್ರೆ ತಿಂತೀನಿ ನೋಡು" ಎಂದುಬಿಟ್ಟಳು. ಮಳೆಗಾಲ ಕಳೆದು ಗಾಳಿ ತಣ್ಣಗಾಗುವ ಈ ದಿನಗಳಲ್ಲಿ ಸಿಗಡಿ ದಡಕ್ಕೇ ಬರುವುದಂತೆ.

ನಾನು, ನನ್ನವಳು, ಮಗಳು ಮೊದಲು ಮೀನಾದರೂ ಸಿಗಲೆಂದು ಗಾಳ ಹಾಕಿದೆವು. ನಾನು ರಂಗಪ್ರವೇಶದ ಹಾಗೆ ಧಡಧಡ ನೀರಿಗಿಳಿದೆ. ಮೀನೆಲ್ಲ ಪರಾರಿ!

"ರೀ, ನಿಮ್ಮ ಕುಣಿತ ಸಾಕು, ದಡಕ್ಕೆ ಹೋಗಿ!" ಎಂದು ನನ್ನವಳು ಗದರಿದಳು.

ದಡದಲ್ಲಿ ಬಲೆ ಬಾಡಿಗೆಗೆ ಕೊಡುವವನು ನಕ್ಕ. "ಬಿಡಿ ತಾಯಿ, ಇಂಥವ್ರೇ ಬೇಕು. ಸಿಗಡಿ ಮರಳೊಳಗೆ ಅಡಗಿರ್ತವೆ, ತುಳಿದು ಎಬ್ಬಿಸ್ಬೇಕು."

ಅವಳೂ ಮಗಳೂ ಮೊಣಕಾಲುದ್ದ ನೀರಿನಲ್ಲಿ ಬಲೆ ಹಿಡಿದು ನಿಂತರು. ನಾನು ಎದುರಿನಿಂದ ಅಬ್ಬರಿಸುತ್ತ, ಮರಳು ತುಳಿಯುತ್ತ ನುಗ್ಗಿದೆ. ಬಲೆ ಎತ್ತಿದರೆ, ಆಹಾ, ಚಟಪಟನೆ ಚಿಮ್ಮುವ ಸಿಗಡಿಗಳ ರಾಶಿ!

ಅಮ್ಮ ತಟ್ಟೆ ಖಾಲಿ ಮಾಡಿ "ಇಷ್ಟೇನಾ? ಇನ್ನೊಂದಿಷ್ಟು ಹಾಕೋ" ಎಂದಳು, ಅಕ್ಕ! ಇನ್ನು ನೀನು ನೆಮ್ಮದಿಯಾಗಿ ನಿದ್ದೆ ಮಾಡು. ಕಾರ್ಡಿನಲ್ಲಿ ಜಾಗ ಮುಗಿಯಿತು. ನಿನ್ನ ತಮ್ಮನಾದ ನಾನು ನಾಳೆ ಬೆಳಗ್ಗೆ ಕುರ್ಚಿಯನ್ನು ತಲೆಯ ಮೇಲೆ ಹೊತ್ತೊಯ್ದು, ಅಮ್ಮನನ್ನು ದಡದಲ್ಲಿ ಕೂರಿಸಿ, ಅವಳ ಕಣ್ಣೆದುರೇ ಕಡಲು ತುಳಿಯಲಿದ್ದೇನೆ!