ಇನ್ನೂರ ಮೂರನೇ ಪುಟ

ಮಾರ್ಚ್ 3

ಎದ್ದೆ. ಕಣ್ಣು ಬಿಡುವ ಮೊದಲೇ ಕೈ ಫೋನ್ ಹುಡುಕಿತು. ಮೆಸೇಜ್ ಏನೂ ಇಲ್ಲ. ಹಲ್ಲುಜ್ಜಿ ಬಂದು ಮತ್ತೆ ನೋಡಿದೆ. ಇಲ್ಲ.

ಒಂಬತ್ತಕ್ಕೆ ಕನ್ನಡಕದ ಅಂಗಡಿ. ದಿನವಿಡೀ ಕತ್ತಲೆ ರೂಮಿನಲ್ಲಿ ಜನರ ಕಣ್ಣು ಟೆಸ್ಟ್ ಮಾಡುವುದು — “ಇದು ಚೆನ್ನಾಗಿ ಕಾಣುತ್ತಾ, ಅದಾ?” ಇವತ್ತೊಬ್ಬ ಲಾರಿ ಡ್ರೈವರ್ ಬೋರ್ಡಿನ ಕೊನೆಯ ಸಾಲನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬೋರ್ಡ್ ಬದಲಾಯಿಸಿದೆ. ಹಳೆಯದನ್ನೇ ಒಪ್ಪಿಸಿದ. ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆನೇನೋ. ಬಾಯಿ ಅಗಲವಾದದ್ದು ಗೊತ್ತಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಟ್ಯಾಬ್ ತೆಗೆದೆ. ಅಪ್ಪ ಓದುತ್ತಿದ್ದ ಪತ್ತೇದಾರಿ ಕಾದಂಬರಿ. ಅಪ್ಪ, ತಂಗಿ, ನಾನು — ಮೂವರಿಗೂ ಒಂದೇ ಅಕೌಂಟ್. ತೆರೆದ ಕೂಡಲೇ ಕೇಳಿತು: ‘ಅಪ್ಪನ ಫೋನ್‌ನಲ್ಲಿ ನೀವು 203ನೇ ಪುಟದವರೆಗೆ ಓದಿದ್ದೀರಿ. ಅಲ್ಲಿಗೆ ಹೋಗಬೇಕೆ?’

ಅಪ್ಪ ಹೋಗಿ ತಿಂಗಳಾಗುತ್ತ ಬಂತು. ‘ಬೇಡ’ ಒತ್ತಿದೆ. ಮೊದಲನೇ ಪುಟದಿಂದ ಶುರು ಮಾಡಿದೆ.

ಮಾರ್ಚ್ 4, ಸಂಜೆ

ಮತ್ತೆ ಅದೇ ಪ್ರಶ್ನೆ. ಬೇಡ.

ಅಪ್ಪನ ಫೋನ್ ಈಗ ತಂಗಿಯ ಹತ್ತಿರ ಇದೆ. ತಂಗಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅಪ್ಪ ಹೋದ ವಾರವೇ ನಾನು ಕೆಲಸಕ್ಕೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತಳು. “ಒಂದು ಹನಿ ಕಣ್ಣೀರಾದ್ರೂ ಹಾಕಿದ್ಯಾ ಅಕ್ಕ? ಕಲ್ಲು ನೀನು. ಇನ್ಮೇಲೆ ನನಗೆ ಫೋನ್ ಮಾಡ್ಬೇಡ.” ಬಸ್ಸಿಗೆ ಹೊತ್ತಾಗುತ್ತೆ ಅಂದೆ. ನಿಜವಾಗಿಯೂ ಹೊತ್ತಾಗಿತ್ತು.

ಕಣ್ಣೀರು ಬಾರದವರಿಗೆ ನಮ್ಮ ಅಂಗಡಿಯಲ್ಲಿ ಡ್ರಾಪ್ಸ್ ಇದೆ. ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ.

ಮಾರ್ಚ್ 9

ಊಟದ ಹೊತ್ತಿಗೆ ಇವರು ಶುರು ಮಾಡಿದರು. “ಅವಳಿಗೆ ಒಂದು ಫೋನ್ ಮಾಡಿದ್ರೆ ಗಂಟೇನು ಹೋಗುತ್ತೆ?”

“ಅವಳೇ ಬೇಡ ಅಂದ್ಲಲ್ಲ.”

“ಸರಿಹೋಯ್ತು. ಅಕ್ಕ ತಂಗಿ ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು.”

ಅವಳೂ ಕೈಬಿಟ್ಟರೆ ನನ್ನನ್ನು ಅಕ್ಕ ಅನ್ನುವವರು ಇನ್ಯಾರೂ ಇಲ್ಲ. ಅವಳು ಬೇಕು ನನಗೆ. ಇದನ್ನು ಬರೆಯುವಾಗಲೂ ಏನೂ ಆಗುತ್ತಿಲ್ಲ... ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿಕೊಂಡ ಹಾಗೆ.

ಮಾರ್ಚ್ 10

ಅಂಗಡಿ. ಬಸ್ಸು. ಟ್ಯಾಬ್. ಬೇಡ.

ಮಾರ್ಚ್ 18

ಇವತ್ತು ಕೇಳಲಿಲ್ಲ.

ಟ್ಯಾಬ್ ತೆರೆದರೆ ಸೀದಾ 231ನೇ ಪುಟ. ಯಾವಾಗ ದಾಟಿದೆ? ನಿನ್ನೆ ಟ್ರಾಫಿಕ್‌ನಲ್ಲಿ ಬಸ್ಸು ನಿಂತೇ ಇತ್ತು, ಬೆರಳು ಪುಟ ತಿರುಗಿಸುತ್ತಲೇ ಇತ್ತು. ಅಪ್ಪನನ್ನು ದಾಟಿಕೊಂಡು ಹೋಗಿದ್ದೇನೆ, ನನಗೇ ತಿಳಿದಿಲ್ಲ. ಹಿಂದಕ್ಕೆ ಬಂದೆ. ಮುಚ್ಚಿ ತೆರೆದೆ. ಆಫ್ ಮಾಡಿ ಆನ್ ಮಾಡಿದೆ. ಕೇಳಲೇ ಇಲ್ಲ.

ಮಾರ್ಚ್ 18, ರಾತ್ರಿ

ತಂಗಿಯ ಫೋನ್ ಬಂತು.

“ಏನ್ ಮಾಡ್ದೆ ಅಕ್ಕ ನೀನು?” ಅಳುತ್ತಿದ್ದಳು.

ದಿನಾ ಸಂಜೆ ಅಪ್ಪನ ಫೋನಿನಲ್ಲಿ ಆ ಪುಸ್ತಕ ತೆರೆಯುತ್ತಾಳಂತೆ. ಓದುವುದಿಲ್ಲ. ಅಪ್ಪ ನಿಲ್ಲಿಸಿದ ಪುಟ, ಅಪ್ಪ ಮಾಡಿಕೊಂಡಿದ್ದ ದಪ್ಪ ದಪ್ಪ ಅಕ್ಷರ — ನೋಡಿ ಮುಚ್ಚುತ್ತಾಳೆ, ಅಷ್ಟೇ. ಇವತ್ತು ಅವಳನ್ನು ಕೇಳಿತಂತೆ: ‘ಅಕ್ಕನ ಟ್ಯಾಬ್‌ನಲ್ಲಿ ನೀವು 231ನೇ ಪುಟದವರೆಗೆ ಓದಿದ್ದೀರಿ. ಅಲ್ಲಿಗೆ ಹೋಗಬೇಕೆ?’ ಗಾಬರಿಯಲ್ಲಿ ‘ಹೌದು’ ಒತ್ತಿಬಿಟ್ಟಿದ್ದಾಳೆ.

“203 ಕಣೆ. ವಾಪಸ್ ಹೋಗು.”

“ಹೋದೆ. ಈಗ ಅದು ನಾನು ಹೋಗಿದ್ದು. ಅಪ್ಪ ಬಿಟ್ಟಿದ್ದಲ್ಲ.”

ತಪ್ಪಾಯಿತು ಅಂದೆ. ಇನ್ನೂ ಅತ್ತಳು. ಆದರೆ ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಕುಕ್ಕರ್ ಕೂಗಿತು, ಇವರು ಹೋಗಿ ಆರಿಸಿದರು.

“ಆಮೇಲೆ ಏನಾಯ್ತು?” ಅಂದಳು.

“ಯಾವಾಗ?”

“ಕಥೇಲಿ. ಅಪ್ಪ ಬಿಟ್ಟಲ್ಲಿಂದ ಮುಂದೆ. ನೀನು ಓದಿದ್ಯಲ್ಲ, ಹೇಳು.”

ಹೇಳಲು ಬಾಯಿ ತೆರೆದೆ. ಸತ್ತವನು ಯಾರು, ಕೊಂದವನು ಯಾರು — ಒಂದಕ್ಷರ ನೆನಪಿಲ್ಲ. ಇಷ್ಟು ದಿನ ಓದಿದ್ದರಲ್ಲಿ ಒಂದು ಹೆಸರೂ ತಲೆಯಲ್ಲಿ ಉಳಿದಿಲ್ಲ.

“ಗೊತ್ತಿಲ್ಲ ಕಣೆ. ಬರೀ ಕಣ್ಣಾಡಿಸಿದ್ದೀನಿ. ಏನೂ ಒಳಗೆ ಇಳೀತಿಲ್ಲ.”

“ಯಾವತ್ತಿಂದ?”

“ಅವತ್ತಿಂದ.”

ಆ ಕಡೆ ಮೂಗು ಒರೆಸಿಕೊಂಡಳು.

“ಅಕ್ಕ... ಅಳು ಬರುತ್ತಾ ಈಗಾದ್ರೂ?”

“ಇಲ್ಲ ಕಣೆ. ಬರ್ತಿಲ್ಲ.”

“ಸರಿ ಬಿಡು. ಓದು. ಜೋರಾಗಿ ಓದು, ನಾನು ಕೇಳ್ತೀನಿ. ನನಗೊಬ್ಬಳಿಗೆ ಅದನ್ನ ದಾಟೋಕೆ ಆಗಲ್ಲ.”

203 ತೆಗೆದೆ. ಅಂಗಡಿಯಲ್ಲಿ ಮಾತಾಡುವ ದನಿಯಲ್ಲೇ ಓದಿದೆ, ಒಂದೊಂದೇ ಸಾಲು. ಪೊಲೀಸಿನವನು ಸುಳ್ಳು ಹೇಳುವ ಕಡೆ ಅವಳು ಮೂಗಿನಲ್ಲೇ ನಕ್ಕಳು. “ಅಪ್ಪ ಇಲ್ಲಿ ನಕ್ಕಿರ್ತಾನೆ ನೋಡು” ಅಂದಳು. ನಕ್ಕಿರುತ್ತಾನೆ. ಪುಟ ಮುಗಿಯಿತು. ಕೊನೆಯ ವಾಕ್ಯ ಅರ್ಧಕ್ಕೇ ನಿಂತಿದೆ, ಉಳಿದದ್ದು ಆಚೆ ಬದಿಗೆ.

“ತಿರುಗಿಸ್ಲಾ?” ಅಂದೆ.

ಅವಳು ಉಸಿರು ಎಳೆದುಕೊಂಡು —